ವಕೀಲನಿಲ್ಲದವನಿಗೆ ದೇಶವೂ ಇಲ್ಲವೇ?

ಮೊನ್ನೆ ಜೋರಾಪುರ ಪೇಟೆಯ ಚಹಾದಂಗಡಿಯಲ್ಲಿ ಪೌರತ್ವದ ನೋಟೀಸು, ಗಡೀಪಾರು, ಬಡವರಿಗೆ ವಕೀಲರ ನೆರವು ಎಂದು ನಾನು ಮಾತು ತೆಗೆದೆ. ಕಿರಾಣಿ ಅಂಗಡಿಯ ಹಿರಿಯರೊಬ್ಬರು ಬಸಿಯ ಚಹಾ ಕೆಳಗಿಟ್ಟು, “ಮಾಸ್ತರ, ಅದು ಅಸ್ಸಾಮಿನವರ ತಕರಾರು. ನಾವು ಆದಿಲಶಾಹಿ ಕಾಲದಿಂದ ಇಲ್ಲೇ ಅದೀವಿ. ನಮ್ಮನ್ನ ಯಾರು ಕೇಳ್ತಾರ್ರಿ?” ಎಂದರು. ಪಕ್ಕದ ಬೆಂಚಿನಲ್ಲಿದ್ದ ಇಬ್ಬರು ಗಿರಣಿ ಕೆಲಸಗಾರರು ಹೌದೆಂದು ತಲೆಯಾಡಿಸಿದರು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಅವರ ಮಾತಿನ ಬಗ್ಗೆ ಇಲ್ಲ.

ಯಾರು ಕೇಳುತ್ತಾರೆ ಎಂಬುದಕ್ಕೆ ಉತ್ತರ ನಮ್ಮ ರಾಜಧಾನಿಯಲ್ಲೇ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ತಗಡಿನ ಗುಡಿಸಲುಗಳನ್ನು ಯಂತ್ರ ತಂದು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬುದು ನೆಪ. ಅಲ್ಲಿದ್ದವರಾರು? ಅಸ್ಸಾಮಿನವರು, ತ್ರಿಪುರಾದವರು, ಬಂಗಾಳದವರು. ಅವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗೆ ಹೋದವರು. ಕೈಯಲ್ಲಿ ಆಧಾರ್ ಕಾರ್ಡು, ಮತದಾರರ ಚೀಟಿ ಹಿಡಿದು ನಿಂತರು. ಬುಲ್ಡೋಜರಿಗೆ ಓದಲು ಬರುವುದಿಲ್ಲ, ಕನ್ನಡವೂ ತಿಳಿಯುವುದಿಲ್ಲ! ಪಿ.ಯು.ಸಿ.ಎಲ್. ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ ಓಕಾ ಅವರ ಪೀಠ ತಡೆಯಾಜ್ಞೆ ಕೊಟ್ಟಿತು, ಕೆಡವಿದ್ದು ಕಾಯದೆಬಾಹಿರವೆಂದಿತು. ಒಳ್ಳೆಯದೇ. ಆದರೆ ಆ ತಗಡುಗಳು ಅಷ್ಟರಲ್ಲಿ ಮಣ್ಣುಪಾಲಾಗಿದ್ದವು.

ಗೋವೆಯ ಬೈನಾದಲ್ಲಿ 2004ರಲ್ಲೂ 2017ರಲ್ಲೂ ಮನೆ ಕಳೆದುಕೊಂಡ ಕನ್ನಡಿಗರ ಕಥೆ ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಸ್ವಂತ ದೇಶದಲ್ಲೇ “ಹೊರಗಿನವರು” ಎನ್ನಿಸಿಕೊಂಡ ಅನುಭವ ನಮ್ಮ ಜಿಲ್ಲೆಯ ದುಡಿಯುವ ಜನಕ್ಕೆ ಹೊಸದಲ್ಲ. “ಹೊರಗಿನವನು” ಎಂಬ ಬೈಗುಳ ಕಾಯದೆಯ ಭಾಷೆಯಲ್ಲಿ “ಪರದೇಶಿ” ಎಂದಾದಾಗ ಏನಾಗುತ್ತದೆ ಎಂಬುದನ್ನಷ್ಟೇ ನಾವು ಇನ್ನೂ ನೋಡಿಲ್ಲ.

ಅದನ್ನು ನೋಡಿ. ನಿಮ್ಮ ಮೇಲೆ ಕಳ್ಳತನದ ಆರೋಪ ಬಂದರೆ ನೀವು ಕಳ್ಳರೆಂದು ಸಿದ್ಧಪಡಿಸುವ ಹೊಣೆ ಸರಕಾರದ್ದು. ಪರದೇಶಿ ಎಂಬ ಆರೋಪ ಬಂದರೆ, ಅಲ್ಲವೆಂದು ಸಿದ್ಧಪಡಿಸುವ ಹೊಣೆ ನಿಮ್ಮದು! ಬ್ರಿಟಿಷರ ಆಳ್ವಿಕೆ ಮುಗಿಯುವ ಹೊತ್ತಿಗೆ, 1946ರಲ್ಲಿ, ಬಂದ ಕಾಯದೆ ಇದು. ಸ್ವತಂತ್ರ ಭಾರತ ಅದನ್ನು ಎಂಟು ದಶಕಗಳ ಕಾಲ ಜೋಪಾನ ಮಾಡಿತು. 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯದೆ ಜಾರಿಗೆ ಬಂದು ಹಳೆಯ ನಾಲ್ಕು ಕಾಯದೆಗಳು ಹೋದವು. ಆದರೆ ಈ ಒಂದು ತಿರುವುಮುರುವು ಹೊಸ ಪುಸ್ತಕದಲ್ಲೂ ಹಾಗೆಯೇ ಕುಳಿತಿದೆ. ತನ್ನ ಪ್ರಜೆಯ ಜೊತೆ ವಾದಕ್ಕೆ ನಿಂತ ಸರಕಾರಕ್ಕೆ ಸರಕಾರಿ ವಕೀಲನಿದ್ದಾನೆ, ದಫ್ತರಿದೆ, ಪೊಲೀಸರಿದ್ದಾರೆ. ಎದುರಿಗೆ ಯಾರು? ಒಂದು ದಿನ ಕೆಲಸ ತಪ್ಪಿದರೆ ಒಲೆ ಹೊತ್ತದ ಕೂಲಿಕಾರ.

ಇದರ ಫಲವೇನೆಂದು ಲೋಕಸಭೆಯಲ್ಲಿ ಸರಕಾರವೇ ಬಾಯಿಬಿಟ್ಟು ಹೇಳಿದೆ. 1985ರಿಂದ 2019ರ ಫೆಬ್ರುವರಿಯವರೆಗೆ ಅಸ್ಸಾಮಿನ ಟ್ರಿಬ್ಯೂನಲ್ಲುಗಳು 63,959 ಜನರನ್ನು ಅವರ ಗೈರುಹಾಜರಿಯಲ್ಲೇ ಪರದೇಶಿಗಳೆಂದು ಸಾರಿದವು. ಗೈರುಹಾಜರಿಯಲ್ಲಿ! ಅವರ ಮಾತು ಕೇಳಲಿಲ್ಲ, ಕಾಗದ ನೋಡಲಿಲ್ಲ. ನೋಟೀಸು ಮುಟ್ಟಿತೋ ಇಲ್ಲವೋ, ಮುಟ್ಟಿದ್ದು ತಿಳಿಯಿತೋ ಇಲ್ಲವೋ, ವಕೀಲನ ಫೀಸಿಗೆ ಹಣವಿತ್ತೋ ಇಲ್ಲವೋ, ಯಾರು ಕೇಳಬೇಕು? ಸೇನೆಯಲ್ಲಿ 30 ವರ್ಷ ದುಡಿದು ನಿವೃತ್ತನಾದ ಅಧಿಕಾರಿಯನ್ನೇ 2019ರ ಮೇ ತಿಂಗಳಲ್ಲಿ ಪರದೇಶಿಯೆಂದು ಬಂಧನದಲ್ಲಿಟ್ಟರು. ಗುವಾಹಾಟಿ ಹೈಕೋರ್ಟು ಜಾಮೀನು ಕೊಟ್ಟ ಮೇಲೆ ಹೊರಬಂದ. ಆತನ ಪರವಾಗಿ ಹೈಕೋರ್ಟಿನ ಮೆಟ್ಟಿಲು ಹತ್ತುವವರಿದ್ದರು. ಇಲ್ಲದವರ ಪಾಡು?

ಬಂಗಾಳದ ಬೀರಭೂಮ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು 2025ರ ಜೂನಿನಲ್ಲಿ ದಿಲ್ಲಿಯಲ್ಲಿ ಹಿಡಿದು, ಕೆಲವೇ ದಿನಗಳಲ್ಲಿ ಮಗನ ಸಮೇತ ಗಡಿಯಾಚೆ ದಬ್ಬಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟು ಆ ಗಡೀಪಾರನ್ನು ರದ್ದುಮಾಡಿತು. ಅವಳು ಮರಳಿ ಬಂದದ್ದು ಡಿಸೆಂಬರಿನಲ್ಲಿ. ಗಡಿ ದಾಟಿಸಲು ದಿನಗಳು ಸಾಕು, ಹಿಂದಕ್ಕೆ ಕರೆತರಲು ತಿಂಗಳುಗಳು ಬೇಕು. ವಕೀಲ ಸಿಕ್ಕಿದ ಮೇಲೆ ನ್ಯಾಯ ಸಿಕ್ಕಿತು, ನಿಜ. ದಿಲ್ಲಿಯ ಠಾಣೆಯಲ್ಲೇ ಒಬ್ಬ ವಕೀಲ ಅವಳ ಪಕ್ಕ ನಿಂತಿದ್ದರೆ?

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನನ್ನ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ನನ್ನ ಜೊತೆ ಓದಿದ ಅರ್ಧ ವರ್ಗದ್ದೂ ಜೂನ್ 1. ನಮ್ಮ ಅವ್ವಂದಿರೆಲ್ಲ ಒಂದೇ ದಿನ ಹೆತ್ತರೆಂದಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಹಾಗೆ ಬರೆದುಕೊಂಡರು. ಮುಂದೆ ನಾನೇ ಮಾಸ್ತರನಾಗಿ ಹಾಜರಿ ಪುಸ್ತಕದ ಮುಂದೆ ಕುಳಿತಾಗ ತಂದೆಯ ಹೆಸರನ್ನು ನನ್ನ ಕಿವಿಗೆ ಕೇಳಿದಂತೆ ಬರೆದೆ. ರೇಷನ್ ಕಾರ್ಡಿನಲ್ಲಿ ಬಸಪ್ಪ, ಮತದಾರರ ಪಟ್ಟಿಯಲ್ಲಿ ಬಸವರಾಜ, ಶಾಲೆಯಲ್ಲಿ ಬಸವಂತಪ್ಪ, ಮನುಷ್ಯ ಒಬ್ಬನೇ. ಹೆಣ್ಣುಮಕ್ಕಳದಂತೂ ಕೇಳಲೇಬೇಡಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ನಾನು ಇಂಥವಳ ಮಗಳು ಎಂದು ತೋರಿಸುವ ಒಂದು ತುಂಡು ಕಾಗದವಿಲ್ಲ.

ನಮ್ಮ ಊರಿನ ಹೆಸರೇನು ಒಂದೇ ಇದೆಯೇ? 1956ರ ತನಕ ಮುಂಬಯಿ ಸರಕಾರದ ಬಿಜಾಪುರ, ಆಮೇಲೆ ಮೈಸೂರು ರಾಜ್ಯದ ಬಿಜಾಪುರ, 2014ರ ನವೆಂಬರ್ 1ರಿಂದ ವಿಜಯಪುರ. ತಿಕೋಟಾ, ಬಬಲೇಶ್ವರ ಹೊಸ ತಾಲೂಕುಗಳಾದವು. ಸರಕಾರ ಹೆಸರು ಬದಲಿಸಿದರೆ ಅಭಿಮಾನ. ಬಡವನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಅನುಮಾನ! ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಸ್ಪಷ್ಟವಾಗಿ ಹೇಳಿದೆ: ಯಾರನ್ನೋ ಸುಮ್ಮನೆ ಹಿಡಿದು ಪೌರತ್ವ ಸಿದ್ಧಪಡಿಸು ಎನ್ನುವಂತಿಲ್ಲ, ಸಂಶಯಕ್ಕೆ ಆಧಾರವಿರಬೇಕು, ಹೆಸರು ತಾರೀಖುಗಳ ಸಣ್ಣಪುಟ್ಟ ವ್ಯತ್ಯಾಸ ಸಾಲದು. ಆದರೆ ಆ ತೀರ್ಪು ಹುಟ್ಟಿದ ಖಟ್ಲೆಯಲ್ಲಿ ಟ್ರಿಬ್ಯೂನಲ್ಲಿನ ಮೊದಲ ಆಜ್ಞೆ 2012ರದು, ಅದೂ ಗೈರುಹಾಜರಿಯದು. ಹನ್ನೆರಡು ವರ್ಷ!

ಈಗ ಗಿರಣಿಯ ಗೆಳೆಯರು ಕಿವಿಗೊಟ್ಟು ಕೇಳಬೇಕು. 1987ರ ಕಾನೂನು ಸೇವೆಗಳ ಕಾಯದೆಯ 12ನೆಯ ಕಲಮಿನ ಪ್ರಕಾರ ಕೈಗಾರಿಕಾ ಕಾರ್ಮಿಕನಿಗೆ ಪುಕ್ಕಟೆ ವಕೀಲನನ್ನು ಪಡೆಯುವ ಹಕ್ಕಿದೆ. ಸಂಬಳ ಎಷ್ಟೆಂದು ಕೇಳುವಂತಿಲ್ಲ. ಯಾವುದೇ ಹೆಂಗಸಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಹಾಗೆಯೇ. ಸಣ್ಣ ವ್ಯಾಪಾರಿಗೆ ಮಾತ್ರ ವರ್ಷದ ಆದಾಯದ ಮಿತಿ ಅಡ್ಡ ಬರುತ್ತದೆ. ಆದರೆ ನೋಟೀಸು ಮನೆಯವರ ಹೆಸರಿಗೆ ಬಂದರೆ ಅವರಿಗೆ ಮಿತಿಯಿಲ್ಲ. ಇನ್ನೊಂದು ಮಾತು: ಆ ಕಲಮು “ಪ್ರತಿಯೊಬ್ಬ ವ್ಯಕ್ತಿ” ಎನ್ನುತ್ತದೆ, “ಪ್ರತಿಯೊಬ್ಬ ಪ್ರಜೆ” ಎನ್ನುವುದಿಲ್ಲ. ಮೊದಲು ಪ್ರಜೆಯೆಂದು ಸಿದ್ಧಪಡಿಸು, ಆಮೇಲೆ ವಕೀಲನನ್ನು ಕೊಡುತ್ತೇವೆ ಎಂದು ಯಾವ ಕಾರಕೂನನೂ ಹೇಳುವಂತಿಲ್ಲ. ಆ ಕಾಯದೆಯಲ್ಲಿ “ಕೋರ್ಟು” ಎಂದರೆ ಟ್ರಿಬ್ಯೂನಲ್ಲೂ ಸೇರಿತು. ನೆರವು ಎಂದರೆ ಬರೀ ಸಲಹೆಯೂ ಸೇರಿತು. ಖಟ್ಲೆ ಬೀಳುವ ತನಕ ಕಾಯಬೇಕಿಲ್ಲ.

ಹಕ್ಕು ಇದೆ. ಬಳಸಿದವರೆಷ್ಟು? ನಮ್ಮ ಜನ ಮೊದಲು ಹೋಗುವುದು ಕಚೇರಿಯ ಗೇಟಿನ ದಲಾಲಿಯ ಬಳಿಗೆ. ಉರಿಯುವ ಮನೆಯ ಗಳ ಹಿರಿಯುವ ಈ ಮಂದಿ ಮೂಲ ಕಾಗದಗಳನ್ನೇ ಇಸಿದುಕೊಳ್ಳುತ್ತಾರೆ, ಹುಟ್ಟಿದ ದಾಖಲೆ “ಮಾಡಿಸಿ” ಕೊಡುತ್ತಾರೆ. ಹಾಗೆ ಮಾಡಿಸಿದ ಸುಳ್ಳು ದಾಖಲೆ ಒಂದೇ ಸಾಕು, ನಿಜವಾದ ಹತ್ತು ದಾಖಲೆಗಳನ್ನು ಮುಳುಗಿಸಲು. ವಕೀಲ ಬಂಧುಗಳಿಗೂ ಒಂದು ಮಾತು: ಪುಕ್ಕಟೆ ಖಟ್ಲೆಯೆಂದರೆ ತಾರೀಖಿನ ಮೇಲೆ ತಾರೀಖು ತೆಗೆದುಕೊಳ್ಳುವ ಖಟ್ಲೆ ಎಂಬ ಅಪವಾದವಿದೆ. ಅದನ್ನು ನೀವೇ ತೊಳೆದುಕೊಳ್ಳಬೇಕು.

ಸರಕಾರದಿಂದ ನಾವು ಭಿಕ್ಷೆ ಬೇಡುತ್ತಿಲ್ಲ. ಪೌರತ್ವದ ನೋಟೀಸು ಕೊಡುವವರು ಅದೇ ಕಾಗದದ ಮೇಲೆ, ಪಡೆಯುವವನ ಭಾಷೆಯಲ್ಲಿ, ಪುಕ್ಕಟೆ ವಕೀಲ ಎಲ್ಲಿ ಸಿಗುತ್ತಾನೆಂದು ಬರೆಯಲಿ. ವಕೀಲನಿಲ್ಲದವನ ಮೇಲೆ ಗೈರುಹಾಜರಿ ಆಜ್ಞೆ ಬೇಡ. ಕೋರ್ಟಿನ ಮುಂದೆ ನಿಲ್ಲಿಸದೆ ಯಾರನ್ನೂ ಗಡಿಯ ಕಡೆಗೆ ಒಯ್ಯುವುದು ಬೇಡ. ಇದು ಆಗದ ಮಾತಲ್ಲ. ಬಿಹಾರದಲ್ಲಿ 2025ರಲ್ಲಿ ಮತದಾರರ ಪಟ್ಟಿ ಪರಿಷ್ಕರಣೆಯಾದಾಗ ಕರಡಿನಿಂದ ಸುಮಾರು 65 ಲಕ್ಷ ಹೆಸರು ಬಿದ್ದುಹೋದವು. ಅಂತಿಮ ಪಟ್ಟಿಯಿಂದ ಬಿಟ್ಟುಹೋದವರ ಅಪೀಲು ಬರೆಯಲು ಕಾನೂನು ಸೇವೆಗಳ ಪ್ರಾಧಿಕಾರವೇ ಜನ ಕಳಿಸಬೇಕೆಂದು ಸುಪ್ರೀಂ ಕೋರ್ಟು ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಅಲ್ಲಿ ಹೆಸರು ಬಿದ್ದ ಮೇಲೆ ಆದದ್ದು ಇಲ್ಲಿ ಬೀಳುವ ಮೊದಲೇ ಏಕಾಗಬಾರದು? ಜೋರಾಪುರ ಪೇಟೆಯಲ್ಲಿ, ತಿಕೋಟಾ ಬಬಲೇಶ್ವರಗಳ ಸಂತೆಯ ದಿನ, ಪ್ರಾಧಿಕಾರದವರು ಮೇಜು ಹಾಕಿ ಕೂಡ್ರಲಿ.

ಆ ಕಿರಾಣಿ ಅಂಗಡಿಯ ಹಿರಿಯರು ನಿನ್ನೆ ಸಂಜೆ ನಮ್ಮಲ್ಲಿಗೆ ಬಂದಿದ್ದರು. ಕೈಚೀಲದಲ್ಲಿ ಅವರ ತಾಯಿಯ ಕಾಗದಗಳು. ಮೂರು ಕಾಗದ, ಮೂರು ಹೆಸರು. 1987ರ ಜುಲೈ 1ರ ಮೊದಲು ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು, ತಾಯಿಯವರಿಗೆ ಹೆದರಿಕೆಯಿಲ್ಲ ಎಂದೆ. “ಇಲ್ಲೇ ಹುಟ್ಟ್ಯಾಳಂತ ಯಾವ ಕಾಗದ ಹೇಳ್ತದ್ರಿ, ಮಾಸ್ತರ?” ಎಂದು ಕೇಳಿದರು. ಮೂರರಲ್ಲೂ ಅದಿರಲಿಲ್ಲ. ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿರೆಂದು ಹೇಳಿ ನಕಲು ತೆಗೆಸಿದೆವು. ಸೋಮವಾರ ಬೆಳಿಗ್ಗೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗುತ್ತೇವೆ. ಕಾಗದ ಹೊಂದದ ಬೇರೆಯವರೂ ಜೊತೆಗೆ ಬರಬಹುದು. ಬರಲಾಗದವರು 15100ಕ್ಕೆ ಫೋನು ಮಾಡಿ ಕೇಳಲಿ.