ಬರೆದ ಮಾತಿಗೆ ಬಂದ ನೋಟಿಸು



ಕಳೆದ ಎರಡು ತಿಂಗಳಲ್ಲಿ ನಮ್ಮ ಓದುಗರಲ್ಲಿ ಮೂವರು ಒಂದೇ ಬಗೆಯ ಸಂಕಟ ಹೇಳಿಕೊಂಡು ನನಗೆ ಫೋನ್ ಮಾಡಿದರು. ಒಬ್ಬರು ಕಲ್ಯಾಣ ಮಂಟಪದ ಬಗ್ಗೆ, ಇನ್ನೊಬ್ಬರು ಮಗ ಹೋಗುತ್ತಿದ್ದ ಕೋಚಿಂಗ್ ಕೇಂದ್ರದ ಬಗ್ಗೆ, ಮತ್ತೊಬ್ಬ ತಾಯಿ ಹಲ್ಲಿನ ಚಿಕಿತ್ಸೆಯ ಬಗ್ಗೆ ಮೊಬೈಲಿನಲ್ಲಿ ನಾಲ್ಕು ಸಾಲು ಅಭಿಪ್ರಾಯ ಬರೆದಿದ್ದರು. ಮೂವರಿಗೂ ವಕೀಲರ ನೋಟಿಸು ಬಂತು. ಮೂವರೂ ಹೆದರಿ ಬರೆದದ್ದನ್ನು ಅಳಿಸಿದರು. ಅವರು ನನಗೇ ಫೋನ್ ಮಾಡಲು ಕಾರಣ, ನನಗೂ ಅಂಥದ್ದೇ ನೋಟಿಸು ಬಂದ ಸುದ್ದಿ ಅವರ ಕಿವಿಗೆ ಬಿದ್ದದ್ದು. ಆದ್ದರಿಂದ ಈ ಸಲ ನನ್ನ ಮನೆಯ ಕಥೆಯನ್ನೇ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಧಾರವಾಡದ ನಮ್ಮ ಮನೆಯ ತಾರಸಿಗೆ ನೀರು ಸೋರದಂತೆ ಲೇಪ ಹಾಕಿಸಿದೆ. ಬಿಲ್ಲು 1,42,000 ರೂಪಾಯಿ, ಹತ್ತು ವರ್ಷದ ಗ್ಯಾರಂಟಿ ಪತ್ರ. ಮೂವತ್ತನಾಲ್ಕು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವನು ನಾನು. ಬೇರೆಯವರ ಕಟ್ಟಡವಾಗಿದ್ದರೆ ತಾರಸಿಯ ಮೇಲೆ ನೀರು ಕಟ್ಟಿ 48 ಗಂಟೆ ನಿಲ್ಲಿಸಿ, ಕೆಳಗೆ ಒದ್ದೆಯಾಗಿಲ್ಲ ಎಂದು ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತಿದ್ದೆ. ಬೇಸಿಗೆಯಲ್ಲಿ ನೀರಿನ ಕೊರತೆ ಎಂದು ನನ್ನ ಮನೆಗೇ ಆ ಪರೀಕ್ಷೆ ಬಿಟ್ಟೆ. ಜೂನ್ ತಿಂಗಳ ಮೊದಲ ಜೋರು ಮಳೆಗೆ ಮೂರು ಕಡೆ ಸೋರಿತು. ಹತ್ತಿ ನೋಡಿದರೆ ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ ಗೋಲು ಗಾರೆ ಕಟ್ಟಿರಲಿಲ್ಲ. ಮಳೆನೀರಿನ ಪೈಪಿನ ಬಾಯೊಳಗೆ ಲೇಪ ಇಳಿಸಿರಲಿಲ್ಲ. ಒಂಬತ್ತು ಸಲ ಫೋನ್ ಮಾಡಿದೆ, ಯಾರೂ ಬರಲಿಲ್ಲ.

ಒಂದು ರಾತ್ರಿ ಮಲಗುವ ಕೋಣೆಯಲ್ಲಿ ಪಾತ್ರೆ ಇಟ್ಟು, ಅದರಲ್ಲಿ ಹನಿ ಬೀಳುವ ಸದ್ದು ಕೇಳುತ್ತಾ, ಒಂದು ನಕ್ಷತ್ರ ಕೊಟ್ಟು ಐದು ವಾಕ್ಯ ಬರೆದೆ. ಮೊದಲ ಮಳೆಗೆ ಮೂರು ಕಡೆ ಸೋರಿದೆ. ಒಂಬತ್ತು ಸಲ ಫೋನ್ ಮಾಡಿದರೂ ಯಾರೂ ಬಂದಿಲ್ಲ. ಕಳಪೆ ಮಾಲು ಹಾಕಿದ್ದಾರೆ. ಇವರಿಗೆ ಕೆಲಸ ಕೊಟ್ಟವರೆಲ್ಲ ಮೋಸ ಹೋಗಿದ್ದಾರೆ. ಇವರು ಕಳ್ಳರು.

ಮೂರು ವಾರದ ನಂತರ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. ಏಳು ದಿನದೊಳಗೆ ಬರೆದದ್ದನ್ನು ತೆಗೆಯಬೇಕು, ಬಹಿರಂಗವಾಗಿ ಕ್ಷಮೆ ಕೇಳಬೇಕು, 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಇಲ್ಲದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ಮೊಕದ್ದಮೆ. ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೂ ಸೇರಿಸಿದ್ದರು. ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲೇ ರದ್ದು ಮಾಡಿದೆ. ಸತ್ತ ಎತ್ತನ್ನು ಗಾಡಿಗೆ ಕಟ್ಟಿದಂತಿತ್ತು. ಆದರೆ ಅದು ನನಗೆ ಆವತ್ತು ಗೊತ್ತಿರಲಿಲ್ಲ.

ನಮ್ಮ ಮನೆಯವರು ನೋಟಿಸು ಓದಿ, "ಅಳಸಿ ಬಿಡ್ರಿ ಅತ್ಲಾಗ. ಮುಪ್ಪಿನ ಕಾಲಕ್ಕ ಕೋರ್ಟಿನ ಕಟ್ಟಿ ಏರೋದು ಬ್ಯಾಡ" ಎಂದರು. ಎರಡು ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಮೂರನೆಯ ದಿನ ಹಳೆಯ ಸಹೋದ್ಯೋಗಿಯ ಮಗಳ ಬಳಿ ಹೋದೆ. ಆಕೆ ವಕೀಲೆ. ನೋಟಿಸು ಓದುವುದಕ್ಕಿಂತ ಮೊದಲು ನಾನು ಬರೆದದ್ದನ್ನು ಓದಿ, ಪೆನ್ಸಿಲು ನನ್ನ ಕೈಗೇ ಕೊಟ್ಟು ಕೇಳಿದಳು: "ಕಾಕಾ, ಇದರಾಗ ನೀವು ಕಣ್ಣಾರೆ ಕಂಡದ್ದು ಯಾವುದು, ಸಿಟ್ಟಿನಾಗ ಬರದದ್ದು ಯಾವುದು? ನೀವೇ ಗೆರಿ ಹೊಡೀರಿ."

ಗೆರೆ ಹೊಡೆಯುವಾಗ ನಾಚಿಕೆಯಾಯಿತು. ಮೊದಲ ಎರಡು ವಾಕ್ಯಕ್ಕೆ ಫೋಟೋ, ವಿಡಿಯೋ, ಫೋನಿನ ದಾಖಲೆ ಇದ್ದವು. ಕಳಪೆ ಮಾಲು ಎಂದು ಯಾವ ಆಧಾರದ ಮೇಲೆ ಬರೆದೆ? ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸದೆ ಕಿರಿಯ ಇಂಜಿನಿಯರ್ ಒಬ್ಬ ಹಾಗೆ ವರದಿ ಬರೆದಿದ್ದರೆ ನಾನೇ ಮೆಮೊ ಕೊಡುತ್ತಿದ್ದೆ. ಅವರಿಗೆ ಕೆಲಸ ಕೊಟ್ಟವರೆಲ್ಲರನ್ನೂ ನಾನು ಕೇಳಿದ್ದೆನೇ? ಕಳ್ಳರು ಎನ್ನಲು ಅವರು ಕದ್ದದ್ದೇನು? ಕೆಲಸ ಅರ್ಧ ಮಾಡಿದ್ದರು, ಅಷ್ಟೇ. ಇಲಾಖೆಯ ಅಳತೆ ಪುಸ್ತಕದಲ್ಲಿ, ನಾವು ಎಂ.ಬಿ. ಎನ್ನುತ್ತಿದ್ದೆವಲ್ಲ, ಅದರಲ್ಲಿ ಉದ್ದ, ಅಗಲ, ದಪ್ಪ, ದಿನಾಂಕ ಇರುತ್ತಿತ್ತು. ಗುತ್ತಿಗೆದಾರನ ಗುಣಾವಗುಣ ಇರುತ್ತಿರಲಿಲ್ಲ. ಸಾವಿರಾರು ಪುಟ ಹಾಗೆ ಬರೆದ ಕೈ, ನಿವೃತ್ತಿಯ ನಂತರ ಒಂದೇ ರಾತ್ರಿಯಲ್ಲಿ ಅಭ್ಯಾಸ ಮರೆತಿತ್ತು.

ಮೂರು ವಾಕ್ಯ ತೆಗೆದೆ. ಕದ್ದುಮುಚ್ಚಿ ಅಲ್ಲ. "ಸಿಟ್ಟಿನಲ್ಲಿ ಬರೆದ, ನನ್ನ ಬಳಿ ಆಧಾರವಿಲ್ಲದ ಮೂರು ಮಾತು ತೆಗೆದಿದ್ದೇನೆ, ಅದಕ್ಕೆ ವಿಷಾದಿಸುತ್ತೇನೆ" ಎಂದು ಅಲ್ಲೇ ಬರೆದೆ. ಉಳಿದ ಎರಡನ್ನು ಮುಟ್ಟಲಿಲ್ಲ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು ಹೆದರುವುದು ಇಲ್ಲಿಯೇ. ವಕೀಲರ ನೋಟಿಸು ಕೋರ್ಟಿನ ಆದೇಶವಲ್ಲ. ಅದು ಎದುರು ಪಕ್ಷದ ಪತ್ರ. ಹಾಗೆಂದು ಉತ್ತರ ಕೊಡದೆ ಕೂರುವುದೂ ಜಾಣತನವಲ್ಲ. ಕ್ರಿಮಿನಲ್ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ಎಂದಿರುವುದು ನಿಜ. ಆದರೆ ಪೊಲೀಸರು ತಾವಾಗಿ ಬಂದು ಹಿಡಿದೊಯ್ಯುವ ಅಪರಾಧ ಅದಲ್ಲ, ಜಾಮೀನಿಗೂ ಅರ್ಹ. ಅವರು ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನ ಪ್ರಕಾರ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮುಂಚೆ ಆರೋಪಿಯ ಮಾತು ಕೇಳಲೇಬೇಕು. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಸದ್ಭಾವನೆಯಿಂದ ಇತರರಿಗೆ ಕೊಟ್ಟ ಎಚ್ಚರಿಕೆ, ಇವು ಮಾನಹಾನಿಯಲ್ಲ ಎಂದು ಆ 356ನೇ ಕಲಮೇ ವಿನಾಯಿತಿ ಕೊಡುತ್ತದೆ. ಆದರೆ ಸತ್ಯವೆಂದು ತೋರಿಸುವ ಭಾರ ನಮ್ಮ ಮೇಲೆ. ನನ್ನ ಎರಡು ವಾಕ್ಯ ಆ ಭಾರ ಹೊರುತ್ತಿದ್ದವು, ಮೂರು ಹೊರುತ್ತಿರಲಿಲ್ಲ.

ಇನ್ನು 50 ಲಕ್ಷ. ಸಿವಿಲ್ ದಾವೆಯಲ್ಲಿ ಅಷ್ಟು ಪರಿಹಾರ ಕೇಳಬೇಕಾದರೆ ಆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕವನ್ನು ಅವರೇ ಮೊದಲು ಕಟ್ಟಬೇಕು. ನೋಟಿಸಿನಲ್ಲಿ ಸೊನ್ನೆ ಸೇರಿಸಲು ಖರ್ಚಿಲ್ಲ. ಬರೆದ ಮಾತಿನ ಮಾನಹಾನಿಗೆ ದಾವೆ ಹೂಡಲು ಅವರಿಗೆ ಒಂದು ವರ್ಷದ ಕಾಲಮಿತಿಯೂ ಇದೆ.

ನನ್ನ ನಿಜವಾದ ಅಂಜಿಕೆ, ನಮಗೆ ತಿಳಿಯದಂತೆ ಅವರು ತಡೆಯಾಜ್ಞೆ ತಂದಾರು ಎಂಬುದು. ಅದಕ್ಕೆ ವಕೀಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ ಕೇವಿಯಟ್ ಹಾಕಿಸಿದಳು. 90 ದಿನದೊಳಗೆ ಅವರು ಅರ್ಜಿ ಕೊಟ್ಟರೆ ನಮಗೆ ತಿಳಿಸಿಯೇ ಕೊಡಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಕಟವಾದ ಬರಹವನ್ನು ವಿಚಾರಣೆಗೆ ಮೊದಲೇ ತೆಗೆಸುವ ಮಧ್ಯಂತರ ಆದೇಶಗಳನ್ನು ಬಹಳ ಎಚ್ಚರದಿಂದ ಕೊಡಬೇಕೆಂದು ಹೇಳಿದೆ. ಅದು ಸುದ್ದಿ ಸಂಸ್ಥೆಯ ಪ್ರಕರಣ, ಆದರೂ ನಮ್ಮ ಉತ್ತರದಲ್ಲಿ ಅದನ್ನು ಸೇರಿಸಿದೆವು.

ಕಾಗದ ಜೋಡಿಸುವುದು ನನಗೆ ಗೊತ್ತಿದ್ದ ಕೆಲಸ. ಬಿಲ್ಲು, ಬ್ಯಾಂಕಿನ ಪಾವತಿ, ಗ್ಯಾರಂಟಿ ಪತ್ರ, ದಿನಾಂಕ ಸಮೇತ ಫೋಟೋಗಳು, ಫೋನ್ ಮಾಡಿದ ಪಟ್ಟಿ, ನಾನು ಮೊದಲು ಬರೆದದ್ದರ ಮತ್ತು ತಿದ್ದಿದ್ದರ ಎರಡೂ ಪ್ರತಿ. ಮೊಬೈಲಿನಲ್ಲಿರುವುದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಕೊಡಲು ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಆದ್ದರಿಂದ ಮೂಲ ಫೋಟೋ ಅಳಿಸಬೇಡಿ, ಫೋನ್ ಬದಲಿಸುವ ಅವಸರವೂ ಬೇಡ. ಫೋನ್ ಮಾಡಿದ ಮೂವರೂ ಇಲ್ಲೇ ಎಡವಿದ್ದು. ಅಳಿಸುವಾಗ ತಮ್ಮದೇ ಪ್ರತಿ ಇಟ್ಟುಕೊಂಡಿರಲಿಲ್ಲ. ಈಗ ಅವರು ಏನು ಬರೆದಿದ್ದರು ಎಂಬುದಕ್ಕೆ ಎದುರಿನವರ ಮಾತೇ ಸಾಕ್ಷಿ.

ಈ ನಡುವೆ ಒಂದು ಸಂಜೆ ಹಿರಿಯರೊಬ್ಬರ ಫೋನ್ ಬಂತು. ಬಹಳ ವರ್ಷದ ಪರಿಚಯ. "ಅವರು ನಮ್ಮವರೇ ಅದಾರ, ಮಠದ ದಾಸೋಹಕ್ಕ ಕೈ ಬಿಚ್ಚಿ ಕೊಡ್ತಾರ. ನಮ್ಮೊಳಗ ಇದೆಲ್ಲ ಯಾಕ್ರಿ?" ಎಂದರು. ಆ ಸಂಸ್ಥೆಯ ಮಾಲೀಕರು ಯಾರೆಂದು ನನಗೆ ಗೊತ್ತಾದದ್ದೇ ಆಗ. ನೋಟಿಸಿಗಿಂತ ಈ ಮಾತು ನನ್ನನ್ನು ಹೆಚ್ಚು ಅಲುಗಿಸಿತು. ನಮ್ಮವರಾದರೆ ಸೋರುವ ತಾರಸಿ ಸೋರದಂತಾಗುತ್ತದೆಯೇ? ಬೇರೆಯವರಾಗಿದ್ದರೆ ಕಳ್ಳರು ಎಂಬ ಮಾತನ್ನು ನಾನು ಉಳಿಸಿಕೊಳ್ಳಬಹುದಿತ್ತೇ? ಕಾಯಕದ ಬಗ್ಗೆ ಇಷ್ಟು ಮಾತನಾಡುವ ನಾವು, ಕೆಲಸ ಕೆಟ್ಟಾಗ ಕುಲ ನೋಡಿ ಸುಮ್ಮನಾಗುವುದಾದರೆ ಈ ಪತ್ರಿಕೆಯನ್ನು ಏಕೆ ನಡೆಸಬೇಕು? ಹಿರಿಯರಿಗೆ ವಿನಯದಿಂದಲೇ ಹೇಳಿದೆ: "ತಪ್ಪು ಮಾತು ತೆಗೆದೇನ್ರಿ. ಖರೇ ಮಾತು ತೆಗಿಯೂದಿಲ್ಲ." ಅವರಿಗೆ ಬೇಸರವಾಯಿತು. ಆಮೇಲೆ ಎರಡು ಸಲ ಶಿವಾನುಭವ ಗೋಷ್ಠಿಯಲ್ಲಿ ಎದುರಾದರೂ ಮಾತಿಲ್ಲ.

ನೋಟಿಸಿಗೆ ಉತ್ತರ ಕೊಟ್ಟ ಮೇಲೆ, ಕೆಟ್ಟ ಕೆಲಸಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಟ್ಟೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಎರಡು ವರ್ಷದೊಳಗೆ ಹೋಗಬೇಕು. 2019ರ ಕಾಯ್ದೆ ಬಂದ ಮೇಲೆ ನಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ನನ್ನ ಸಿಟ್ಟಿಗೆ ಸರಿಯಾದ ಜಾಗ ಅದೇ ಆಗಿತ್ತು. ಮೊದಲೇ ಅಲ್ಲಿಗೆ ಹೋಗಿದ್ದರೆ ರಾತ್ರಿ ಹನ್ನೊಂದಕ್ಕೆ ಆ ಮೂರು ವಾಕ್ಯ ಬರೆಯುತ್ತಿರಲಿಲ್ಲವೇನೋ.

ಆಯೋಗ ಮಧ್ಯಸ್ಥಿಕೆಗೆ ಕಳಿಸಿತು. ಅವರ ಮೊದಲ ಪ್ರಸ್ತಾವ, ಅರ್ಧ ಹಣ ವಾಪಸು, ಬದಲಿಗೆ ಬರೆದದ್ದೆಲ್ಲ ತೆಗೆಯಬೇಕು. ಸುಳ್ಳೇಕೆ, 71,000 ರೂಪಾಯಿ ಕಣ್ಣ ಮುಂದೆ ಬಂತು. ಪಿಂಚಣಿಯವನಿಗೆ ಅದು ಚಿಕ್ಕ ಮೊತ್ತವಲ್ಲ. ಆದರೆ ಹಣ ತೆಗೆದುಕೊಂಡು ಅಳಿಸಿದರೆ, ಮುಂದೆ ಓದುವವನಿಗೆ ನಾನು ಮಾರಿದ್ದು ಮೌನವನ್ನೇ ಅಲ್ಲವೇ? ಒಪ್ಪಲಿಲ್ಲ. ಕೊನೆಗೆ ಮೂಲೆಗಳ ಗಾರೆ ಮತ್ತು ಪೈಪಿನ ಬಾಯಿಗಳನ್ನು ಹೊಸದಾಗಿ ಮಾಡಿಕೊಡಲು ಅವರು ಒಪ್ಪಿದರು, ನೋಟಿಸು ಹಿಂಪಡೆದರು. ಒಪ್ಪಂದದ ಕರಡಿನಲ್ಲಿ, ಮುಂದೆ ಈ ವಿಷಯ ಎಲ್ಲಿಯೂ ಮಾತನಾಡಬಾರದು ಎಂಬ ಒಂದು ಷರತ್ತು ಸೇರಿಸಿದ್ದರು. ಅದನ್ನು ಹೊಡೆದುಹಾಕಿಸಿ ಸಹಿ ಮಾಡಿದೆ. ಸಹಿ ಮಾಡುವ ಮುಂಚೆ ಪ್ರತಿ ಸಾಲನ್ನೂ ಓದಿ, ದಯವಿಟ್ಟು. ಅವರ ಹೆಸರನ್ನು ಇಲ್ಲಿ ಬರೆಯದಿರುವುದು ನನ್ನದೇ ತೀರ್ಮಾನ. ಲೆಕ್ಕ ಚುಕ್ತಾ ಆಗಿದೆ.

ಈ ಸಲ ನೀರು ಕಟ್ಟಿ 48 ಗಂಟೆ ಕಾದೆವು. ಅವರ ಮೇಸ್ತ್ರಿಯೂ ನಾನೂ ಒಟ್ಟಿಗೇ ಕೆಳಗಿನ ಛಾವಣಿ ನೋಡಿದೆವು. ಒಣಗಿತ್ತು. ಅವತ್ತೇ ನನ್ನ ಹಳೆಯ ಎರಡು ವಾಕ್ಯದ ಕೆಳಗೆ ಮೂರನೆಯದನ್ನು ದಿನಾಂಕ ಸಮೇತ ಸೇರಿಸಿದೆ: "ದೂರಿನ ನಂತರ ದುರಸ್ತಿ ಮಾಡಿಕೊಟ್ಟಿದ್ದಾರೆ, ಪರೀಕ್ಷೆಯಲ್ಲಿ ಸೋರಿಲ್ಲ."

ಇಂಥ ನೋಟಿಸು ಬಂದಿರುವ ಓದುಗರು ಮೊದಲು ತಾವು ಬರೆದದ್ದರ ಪ್ರತಿ ತೆಗೆದಿಟ್ಟುಕೊಳ್ಳಿ. ವಕೀಲರಿಗೆ ಹಣವಿಲ್ಲ ಎಂದು ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿಗೆ ಅರ್ಹರು. ಅದರ ಕಚೇರಿ ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ಹಲ್ಲಿನ ಚಿಕಿತ್ಸೆಯ ಬಗ್ಗೆ ಬರೆದಿದ್ದ ಆ ತಾಯಿಯ ಜೊತೆ ಬರುವ ಸೋಮವಾರ ನಾನೂ ಅಲ್ಲಿಗೆ ಹೋಗುತ್ತಿದ್ದೇನೆ.