ಅರಸರ ಮುಖವೋ, ಅರಸರ ಚಿಹ್ನವೋ?

ಕೆತ್ತಿದ ರಾಜಚಿತ್ರಗಳಲ್ಲಿ ನೋಡತಕ್ಕದ್ದು ಮುಖವೊಂದೇ, ಮಿಕ್ಕುದೆಲ್ಲ ಆಡಂಬರವೆಂದು ನಮ್ಮ ಮಿತ್ರರೊಬ್ಬರು ಕಳೆದ ತಿಂಗಳ ಗೋಷ್ಠಿಯಲ್ಲಿ ಉಪದೇಶಿಸಿದರು. ಬೀದರದ ಕೋಟೆಯಲ್ಲಿ ಅಂಥ ಮುಖಗಳಿಲ್ಲವಾದುದರಿಂದ ಮಕ್ಕಳಿಗೆ ತೋರಿಸಲು ಅಲ್ಲಿ ಏನೂ ಇಲ್ಲವೆಂಬ ಮಾತನ್ನೂ ಕೂಡಿಸಿದರು. ಇದನ್ನು ನಾನು ಸರ್ವಥಾ ಒಪ್ಪಲಾರೆನು.

1911ನೆಯ ಇಸವಿಯ ಕಲ್ದಾರ ರೂಪಾಯಿಯನ್ನೇ ತೆಗೆದುಕೊಳ್ಳಿರಿ. ಅದರ ಮೇಲೆ ಐದನೆಯ ಜಾರ್ಜ್ ದೊರೆಯ ಮುಖವಿತ್ತು. ಆದರೆ ಜನರ ಕೋಪವೆದ್ದುದು ಮುಖಕ್ಕಾಗಿ ಅಲ್ಲ. ನಿಲುವಂಗಿಯ ಮೇಲಿನ ಹಾರದಲ್ಲಿದ್ದ ಪುಟ್ಟ ಆನೆಗಾಗಿ. ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತು. ಸರಕಾರವು ನಾಣ್ಯವನ್ನು ಹಿಂದೆಗೆದುಕೊಂಡು, 1912ರ ಅಚ್ಚಿನಲ್ಲಿ ಆನೆಯನ್ನು ತಿದ್ದಿಸಬೇಕಾಯಿತು. ಚಕ್ರವರ್ತಿಯ ಮುಖವು ಒಂದು ಸೊಂಡಿಲಿಗೆ ಸೋತಿತು!

ಇತ್ತ ಭಾಲ್ಕಿ, ಔರಾದಗಳ ಸಂತೆಯಲ್ಲಿ ನಮ್ಮ ಹಿರಿಯರು ಎಣಿಸುತ್ತಿದ್ದ ಹಾಲಿ ಸಿಕ್ಕಾಕ್ಕೆ ದೊರೆಯ ಮುಖವೇ ಇರಲಿಲ್ಲ. ಚಾರಮಿನಾರ, ಅದರ ಬಾಗಿಲೊಳಗೆ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರವಾದ ‘ಐನ್’; ಇಷ್ಟೇ. ಆದರೂ ಕಂದಾಯ ಕಟ್ಟುವವನಿಗೆ ದೊರೆ ಯಾರೆಂಬ ಸಂಶಯವು ಬಂದುದುಂಟೆ? ಅಲಂಕಾರಶಾಸ್ತ್ರವನ್ನು ಓದಿದವರು ಇದನ್ನು ವ್ಯಂಜನೆಯೆನ್ನುವರು; ಹೇಳದೆ ಹೇಳುವ ಶಕ್ತಿಯು ಹೇಳಿದುದಕ್ಕಿಂತ ಮಿಗಿಲು.

ಇನ್ನು ‘ಏನೂ ಇಲ್ಲದ’ ನಮ್ಮ ಕೋಟೆಗೆ ಬರೋಣ. ತಖ್ತ ಮಹಲಿನ ಕಮಾನಿನ ಬಣ್ಣದ ಹೆಂಚುಗಳಲ್ಲಿ ಹುಲಿಯೂ ಅದರ ಬೆನ್ನ ಮೇಲೆ ಉದಯಿಸುವ ಸೂರ್ಯನೂ ಉಂಟು. ಶರ್ಜಾ ದರವಾಜೆಯ ಮುಂದೆ ಕಲ್ಲಿನಲ್ಲಿ ಕೆತ್ತಿದ ಎರಡು ಹುಲಿಗಳುಂಟು. ಅಲ್ಲಿಯ ಶಾಸನವು 1503ರದು. ಆಗ ಸಿಂಹಾಸನದಲ್ಲಿ ಕುಳಿತವನು ಮಹಮೂದ ಶಾಹ ಬಹಮನಿ. ಕುಳಿತವನೆಂದೆನೇ ಹೊರತು ಆಳಿದವನೆನ್ನಲಿಲ್ಲ. ಆಡಳಿತವು ಮಂತ್ರಿ ಕಾಸಿಂ ಬರೀದನ ಕೈಯಲ್ಲಿತ್ತು. ವಿಜಾಪುರ, ಅಹಮದನಗರಗಳು 1490ರ ಸುಮಾರಿಗೇ ಸ್ವತಂತ್ರವಾಗಿದ್ದವು. ಅಧಿಕಾರವು ಅಂತಃಪುರದವರೆಗೂ ಸವೆದುಹೋದ ಅರಸನ ಬಾಗಿಲಲ್ಲಿ ಹುಲಿಗಳು ಗರ್ಜಿಸಿದವು. ಮಹಮೂದನ ಮುಖವನ್ನು ಅದೇ ಕಲ್ಲಿನಲ್ಲಿ ಕಡೆದಿದ್ದರೆ ಮೂಗಿನ ನೇರವನ್ನು ಕಂಡು ಮರಳುತ್ತಿದ್ದೆವು. ಹುಲಿಯನ್ನೂ ಇಸವಿಯನ್ನೂ ಜೊತೆಗಿಟ್ಟು ಓದಿದವನಿಗಾದರೋ ಆ ರಾಜ್ಯದ ರೋಗವು ತಿಳಿಯುತ್ತದೆ.

ಚಿತ್ರದಲ್ಲಿ ಮುಖಕ್ಕೆ ಸ್ಥಾನವಿಲ್ಲವೆಂದು ನನ್ನ ವಾದವಲ್ಲ. ವ್ಯಕ್ತಿಯನ್ನರಿಯಲು ಅದು ಬೇಕು. ಆದರೆ ಅಧಿಕಾರವನ್ನರಿಯಲು ಕೈಯೊಳಗಿನ ಖಡ್ಗವನ್ನೂ, ತಲೆಯ ಮೇಲಿನ ಛತ್ರವನ್ನೂ, ಕಾಲ ಬಳಿಯ ಪ್ರಾಣಿಯನ್ನೂ ಕೇಳಬೇಕು.

ನೌಕರಿಯಲ್ಲಿದ್ದಾಗ ಒಮ್ಮೆ ಔರಾದದ ಹುಡುಗರನ್ನು ಆ ದರವಾಜೆಗೆ ಕರೆದೊಯ್ದಿದ್ದೆನು. ಗಿಡ್ಡ ಹುಡುಗನೊಬ್ಬನು, “ಗುರುಗಳೇ, ಈ ಹುಲಿ ಯಾರನ್ನ ಅಂಜಸ್ಲಿಕ್ಕೆ ನಿಂತಾವ್ರಿ, ಹೊರಗಿನವ್ರನ್ನೋ ಒಳಗಿನವ್ರನ್ನೋ?” ಎಂದು ಕೇಳಿದನು. ನಮ್ಮ ಮಿತ್ರರು ಒಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಬಂದು, ಆ ಹುಲಿಗಳ ಕೆಳಗೆ ನಿಂತು, ಅವನಿಗೆ ಉತ್ತರ ಹೇಳಲಿ.