ಹಸಿರಿನ ಲೆಕ್ಕ, ಕಾಳಿನ ತೂಕ

ಒಂದು ಗುಂಟೆ ನೆಲ ಎಂದರೆ ಎಷ್ಟು ಎಂಬುದನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಕರೆಗೆ 40 ಗುಂಟೆ. ಒಂದು ಗುಂಟೆಗೆ ಸುಮಾರು 101 ಚದರ ಮೀಟರ್. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆಯುವ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಡಿಮೆ ಒಂದು ಗುಂಟೆಯೇ ಆಯಿತು. ಸುಮಾರು ಐದು ದಿನಕ್ಕೊಮ್ಮೆ ಸಿಗುವ ಈ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದು. ಹೊಲವನ್ನು ಹೀಗೆ ಗುಂಟೆ ಗುಂಟೆಯಾಗಿ ನೋಡುವ ಕಣ್ಣು ಮೇಲಿರುವಾಗ ಬೆಳೆ ವಿಮೆಯ ಲೆಕ್ಕವನ್ನು ಅದಕ್ಕೇ ಒಪ್ಪಿಸಿಬಿಡಬಾರದೇಕೆ? ನ್ಯಾಯವಾದ ಪ್ರಶ್ನೆ. ಉತ್ತರ ಹೇಳುವ ಮೊದಲು ಇವತ್ತಿನ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತರು ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟುತ್ತಾರೆ. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗಳ ನಷ್ಟವನ್ನು ಅಳೆಯುವುದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ. ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಹೊಲದಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, 5 ಮೀಟರ್‌ಗೆ 5 ಮೀಟರ್ ಚೌಕ ಗುರುತಿಸುತ್ತಾರೆ. ಅದರೊಳಗಿನ ತೆನೆಯನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳನ್ನು ತೂಗುತ್ತಾರೆ. ಆ ನಾಲ್ಕು ತೂಕಗಳ ಸರಾಸರಿ ಹಿಂದಿನ ವರ್ಷಗಳ ಇಳುವರಿಯಿಂದ ಕಟ್ಟಿದ ಮಿತಿಗಿಂತ ಕೆಳಗಿಳಿದರೆ ಇಳುವರಿ ನಷ್ಟಕ್ಕೆ ಪರಿಹಾರ. ಒಂದು ಚೌಕ 25 ಚದರ ಮೀಟರ್. ನಾಲ್ಕೂ ಸೇರಿದರೆ 100. ಇಡೀ ಪಂಚಾಯಿತಿಯ ರಾಗಿಯ ಹಣೆಬರಹ ತೀರ್ಮಾನವಾಗುವುದು ಒಂದೇ ಒಂದು ಗುಂಟೆಯಲ್ಲಿ.

ಇದು ಸಾಲದು ಎಂಬುದು ಎಲ್ಲರಿಗೂ ಗೊತ್ತು. ಚಿಕ್ಕಬಳ್ಳಾಪುರದ ಕಡೆ ನಂಬಿಕೊಳ್ಳಲು ವರ್ಷಪೂರ್ತಿ ಹರಿಯುವ ನದಿಯಿಲ್ಲ. ಗುಡ್ಡದ ಈಚೆ ಸುರಿದ ಮಳೆ ಆಚೆಗೆ ಬೀಳುವುದಿಲ್ಲ. ಒಂದೇ ಊರಿನಲ್ಲಿ ತೆನೆ ತುಂಬಿದ ಹೊಲವೂ ಇರುತ್ತದೆ, ಬಿತ್ತಿದ ಬೀಜ ಕೈಗೆ ಬಾರದ ಹೊಲವೂ ಇರುತ್ತದೆ. ಹಾಗೆಂದು ಹೊಲ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಕೆಲಸ ಎಂಬುದನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಜೆ.ಎಸ್. ಚಕ್ರವರ್ತಿ ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಒಂದು ಪ್ರದೇಶದ ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿನ ವಿಮೆದಾರರಿಗೆಲ್ಲ ಪರಿಹಾರ ಕೊಡಿ ಎಂದು 1920ರಲ್ಲೇ ಅವರು ಯೋಜನೆ ಬರೆದರು. ಹವಾಮಾನ ಆಧಾರಿತ ವಿಮೆ ಎಂದು ಇವತ್ತು ನಾವು ಕರೆಯುವುದರ ಬೀಜ ಮೊಳೆತದ್ದು ಈ ನೆಲದಲ್ಲಿ.

ಉಪಗ್ರಹ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ಎಲೆಯನ್ನೇ ನೋಡುತ್ತದೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಇವೆರಡರ ಅಂತರವನ್ನು ಲೆಕ್ಕ ಹಾಕಿದರೆ ಯಾವ ಹೊಲ ಸೊಂಪಾಗಿದೆ, ಯಾವುದು ಸೊರಗಿದೆ ಎಂದು ತಿಳಿಯುತ್ತದೆ. ಈ ನೋಟ ಯಾರ ಶಿಫಾರಸಿಗೂ ಬಗ್ಗುವುದಿಲ್ಲ. ಹಳೆಯ ವರ್ಷಗಳ ಚಿತ್ರಗಳೂ ಉಳಿದಿರುವುದರಿಂದ ಹತ್ತು ವರ್ಷದ ಹಿಂದಿನ ಬರವನ್ನು ಇವತ್ತಿನದಕ್ಕೆ ಹೋಲಿಸಲೂಬಹುದು. ಕೃಷಿ ಅರ್ಥಶಾಸ್ತ್ರದ ಸಂಶೋಧಕರಿಗೆ ಇದು ದೊಡ್ಡ ಸಂಪತ್ತು.

ಆದರೆ ಎಲೆ ಬೇರೆ, ಕಾಳು ಬೇರೆ. ಹೂವಾಡುವ ಹೊತ್ತಿಗೆ ಮಳೆ ಕೈಕೊಟ್ಟರೆ ರಾಗಿ ಪೈರು ಹಸಿರಾಗಿಯೇ ನಿಂತಿದ್ದು ತೆನೆ ಜೊಳ್ಳಾಗಬಹುದು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದ್ದರೆ ಚಿತ್ರದ ಒಂದು ಚುಕ್ಕೆಯಲ್ಲಿ ಮೂರೂ ಕಲಸಿಹೋಗುತ್ತವೆ. 2021ರ ನವೆಂಬರಿನಲ್ಲಿ ಈ ಜಿಲ್ಲೆಯಲ್ಲಿ ಮಳೆ ಬಿಡದೆ ಹೊಯ್ದಾಗ ಕೊಯ್ಲಿಗೆ ನಿಂತ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆ ಬಂತು. ಮಾಗಿದ ರಾಗಿಯ ಹಸಿರು ಹೇಗೂ ಇಳಿದಿರುತ್ತದೆ. ಮಾಗಿದ್ದು ಯಾವುದು, ಕೊಳೆತದ್ದು ಯಾವುದು ಎಂದು ಹಸಿರಿನ ಆ ಒಂದು ಅಂಕಿಯಿಂದ ಬಿಡಿಸಿ ಹೇಳಲಾಗದು. ಮೇಲಾಗಿ ಅಂಥ ದಿನಗಳಲ್ಲಿ ಮೋಡ ಕವಿದಿರುತ್ತದೆ. 2022ರಲ್ಲಿ ಇಸ್ರೋ ಹಾರಿಸಿದ ಇಒಎಸ್-04ರಂಥ ರೇಡಾರ್ ಉಪಗ್ರಹಗಳು ಮೋಡದಾಚೆಗೂ ನೋಡುತ್ತವೆ ನಿಜ, ಕಾಳಿನ ತೂಕ ಮಾತ್ರ ಅವುಗಳಿಗೂ ನೇರವಾಗಿ ಸಿಗುವುದಿಲ್ಲ. ಹಸಿರಿನಿಂದ ಆದಾಯ ಅಳೆಯಲು ಹೊರಟರೂ ಇದೇ ತೊಡಕು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ ನಳನಳಿಸುತ್ತಿರುವಾಗಲೇ ಮನೆಯೊಳಗೆ ರೇಷ್ಮೆ ಹುಳು ರೋಗದಿಂದ ಸಾಯಬಹುದು. ಟೊಮೆಟೊ ಹುಲುಸಾಗಿ ಬೆಳೆದ ವರ್ಷವೇ ಚಿಂತಾಮಣಿ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು ಸಾಲ ಏರಬಹುದು. ಹಸಿರನ್ನೇ ಆದಾಯವೆಂದು ಓದುವ ಸಂಶೋಧನೆ ಇಲ್ಲಿ ಎಡವುತ್ತದೆ.

ಹಾಗಾದರೆ ಉಪಗ್ರಹದಿಂದ ಯಾವ ಕೆಲಸ ತೆಗೆದುಕೊಳ್ಳಬೇಕು? ಎಲ್ಲಿ ಕೊಯ್ದು ತೂಗಬೇಕು ಎಂಬುದನ್ನು ಹೇಳುವ ಕೆಲಸ. ಚಿತ್ರದ ಆಧಾರದಲ್ಲಿ ಪಂಚಾಯಿತಿಯ ಹೊಲಗಳನ್ನು ಸೊಂಪು, ಮಧ್ಯಮ, ಸೊರಗಿದ್ದು ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿದಂತೆ ಹೊಲ ಆರಿಸಿದರೆ ಆ ಒಂದು ಗುಂಟೆ ಇಡೀ ಊರನ್ನು ಇನ್ನಷ್ಟು ನಿಜವಾಗಿ ಪ್ರತಿನಿಧಿಸುತ್ತದೆ. ತೂಕಕ್ಕೂ ಚಿತ್ರಕ್ಕೂ ತೀರಾ ತಾಳೆಯಾಗದಿದ್ದಲ್ಲಿ ಮತ್ತೆ ಹೋಗಿ ನೋಡಬಹುದು. 2023ರ ಮುಂಗಾರಿನಿಂದ ಕೇಂದ್ರ ಸರ್ಕಾರ ಭತ್ತದ ಇಳುವರಿ ಲೆಕ್ಕದಲ್ಲಿ ತಂತ್ರಜ್ಞಾನದ ಅಂದಾಜಿಗೆ ಶೇ 30ರಷ್ಟು ತೂಕ ಕೊಡುವ ಕ್ರಮ ತಂದಿದೆ. ನೀರು ನಿಲ್ಲಿಸಿ ಒಂದೇ ಬೆಳೆ ಬೆಳೆಯುವ ಗದ್ದೆಗೆ ಒಪ್ಪುವ ಸೂತ್ರವನ್ನು ಅಕ್ಕಡಿ ಸಾಲಿನ ರಾಗಿ ಹೊಲಕ್ಕೆ ಹಾಗೆಯೇ ತರಬಾರದು. ಇಲ್ಲಿನ ಸೂತ್ರವನ್ನು ಇಲ್ಲಿನ ತೂಕಗಳಿಂದಲೇ ಕಟ್ಟಬೇಕು. ಚಿತ್ರದಿಂದ ಇಳುವರಿ ಅಂದಾಜಿಸಲು ಕಂಪ್ಯೂಟರ್ ಕಲಿಯುವುದೇ ಕಟಾವಿನ ತೂಕದಿಂದ. ಆ ತೂಕ ಸುಳ್ಳಾದರೆ ಆಕಾಶದ ಅಂದಾಜೂ ಸುಳ್ಳೇ.

ಇನ್ನೊಂದು ಮಾತು. ಕಂತು ಕಟ್ಟಿದವರಿಗೆ ಲೆಕ್ಕ ಕೇಳುವ ಹಕ್ಕಿದೆ. ಯಾವ ಸರ್ವೆ ನಂಬರಿನ ಚಿತ್ರ ಏನು ಹೇಳಿತು, ಯಾವ ಹೊಲದಲ್ಲಿ ಕಾಳು ಎಷ್ಟು ತೂಗಿತು ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಾಕಲಿ. ತಪ್ಪಿದ್ದರೆ ಆಕ್ಷೇಪಿಸಲು ದಿನ ಕೊಡಲಿ. ಗುಂಟೆ ಯಾವುದೆಂದು ಉಪಗ್ರಹ ತೋರಿಸಲಿ. ಅದರ ಕಾಳನ್ನು ಊರವರ ಕಣ್ಣೆದುರಿಗೇ ತೂಗಿ.